ಠೇವಣಿ ಹೋದವರಿಗೊಂದು ಪುಟ

(ಕನ್ನಡ ವಿಕಿಪೀಡಿಯಕ್ಕೆ ಹೊಸದಾಗಿ ಬರೆಯಲು ಬಂದವರ ಮುಂದೆ ಒಂದು ತಾಲ್ಲೂಕು ಗ್ರಂಥಾಲಯದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ಒಂದು ಪ್ಲಾಸ್ಟಿಕ್ ಫೈಲು. ಒಳಗೆ ಹನ್ನೊಂದು ಪೇಪರ್ ಕಟಿಂಗ್. ಎಲ್ಲವೂ ಜೆರಾಕ್ಸ್. ಅಸಲು ಕಟಿಂಗ್‌ಗಳು ಅವುಗಳ ಯಜಮಾನರ ಮನೆಗೆ ವಾಪಸ್ ಹೋಗಿವೆ. ಇವತ್ತಿನ ಮಾತೆಲ್ಲ ಹೆಚ್ಚುಕಡಿಮೆ ಈ ಫೈಲಿನ ಬಗ್ಗೆಯೇ.

ವಿಧಾನಸಭೆ ಚುನಾವಣೆಗೆ ಇನ್ನು ಮೂರು ವಾರ ಇತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. "ಮೇಷ್ಟ್ರೇ, ನಮ್ಮ ಮಾವ ಪಕ್ಷೇತರರಾಗಿ ನಿಂತಿದ್ದಾರೆ. ಅವರದ್ದೊಂದು ವಿಕಿಪೀಡಿಯ ಪುಟ ಮಾಡಿಕೊಡಿ" ಅಂದ. ಯಾಕಪ್ಪಾ ಅಂದೆ. "ಗೂಗಲ್ ಮಾಡಿದ್ರೆ ಬಲಗಡೆ ಫೋಟೋ, ಹೆಸರು, ಹುಟ್ಟಿದ ದಿನ ಎಲ್ಲ ಬರುತ್ತಲ್ಲ ಮೇಷ್ಟ್ರೇ, ಅದು ಬರ್ಬೇಕು." ಯಾರೋ ಏಜೆನ್ಸಿಯವರು ಅದಕ್ಕೆ ಇಪ್ಪತ್ತು ಸಾವಿರ ಕೇಳಿದ್ದರಂತೆ. ವಿಧಾನಸಭೆಗೆ ನಿಲ್ಲೋಕೆ ಠೇವಣಿಯೇ ಹತ್ತು ಸಾವಿರ. ಅದರ ಎರಡರಷ್ಟು! ಹುಡುಗ ಜಾಣ, ಮೊದಲು ನನ್ನ ಹತ್ತಿರ ಬಂದಿದ್ದ.

ಫೈಲು ಇಟ್ಟು ಹೋಗು, ನೋಡುತ್ತೇನೆ ಅಂದೆ. ಅವತ್ತು ರಾತ್ರಿ ಊಟ ಮಾಡಿ ಕೂತು ಒಂದೊಂದೇ ತೆಗೆದೆ.

ಮೊದಲ ಎರಡು ಜಾಹೀರಾತು. ಒಂದು ಹುಟ್ಟುಹಬ್ಬದ ಶುಭಾಶಯ, ಇನ್ನೊಂದು ಯುಗಾದಿಯದು. ಸುತ್ತ ಅಭಿಮಾನಿಗಳ ಚಿಕ್ಕ ಚಿಕ್ಕ ಫೋಟೋ, ಮಧ್ಯೆ ಮಾವ. ಮೂರನೆಯದು ನಾಮಪತ್ರ ವಾಪಸಾತಿ ಮುಗಿದ ಮೇಲೆ ಬರುವ ಸುದ್ದಿ, "ಅಂತಿಮ ಕಣದಲ್ಲಿ 14 ಮಂದಿ". ಹದಿನಾಲ್ಕರಲ್ಲಿ ಇವರ ಹೆಸರು ಹನ್ನೊಂದನೆಯದು. ನಾಲ್ಕು, ಐದು, ಆರು ಬೇರೆ ಬೇರೆ ಪತ್ರಿಕೆ, ಸುದ್ದಿ ಒಂದೇ. "ಕ್ಷೇತ್ರದ ಸಮಗ್ರ ಅಭಿವೃದ್ದಿಯೇ ನನ್ನ ಗುರಿ." ಮೂರರಲ್ಲೂ "ಅಭಿವೃದ್ಧಿ"ಯ ಕೊನೆಯ ಒತ್ತಕ್ಷರ ತಪ್ಪಿದೆ, ಒಂದೇ ಥರ ತಪ್ಪಿದೆ. ನಲವತ್ತು ವರ್ಷ ಕಾಪಿ ತಿದ್ದಿದವನಿಗೆ ಯಾರು ಯಾರನ್ನು ನೋಡಿ ಬರೆದರು ಅಂತ ಗೊತ್ತಾಗುವುದಿಲ್ಲವೇ? ಅಭ್ಯರ್ಥಿಯ ಕಡೆಯವರು ವಾಟ್ಸಾಪಿನಲ್ಲಿ ಕಳಿಸಿದ್ದು ಹಾಗೇ ಅಚ್ಚಾಗಿದೆ. ಮೂರು ಪತ್ರಿಕೆ, ಆದರೆ ಮೂಲ ಒಂದೇ. ಅದೂ ಅಭ್ಯರ್ಥಿಯ ಮನೆಯೇ.

ಏಳನೆಯದು ದೇವಸ್ಥಾನಕ್ಕೆ ದೇಣಿಗೆ, "ಚಿತ್ರದಲ್ಲಿ ಎಡದಿಂದ ಮೂರನೆಯವರು". ಎಂಟು, ಉಚಿತ ಕಣ್ಣಿನ ತಪಾಸಣೆ ಶಿಬಿರ. ಒಂಬತ್ತು, ಕಬಡ್ಡಿ ಪಂದ್ಯದ ಉದ್ಘಾಟನೆ. ಹತ್ತು, ಒಂದು ಯೂಟ್ಯೂಬ್ ಚಾನೆಲ್‌ಗೆ ಕೊಟ್ಟ ಸಂದರ್ಶನದ ಸ್ಕ್ರೀನ್‌ಶಾಟ್, ಬಣ್ಣದ ಪ್ರಿಂಟು.

ಹನ್ನೊಂದನೆಯದನ್ನು ಆಮೇಲೆ ಹೇಳುತ್ತೇನೆ.

ಪುಟ ಯಾರಿಗೆ ಇರಬೇಕು ಅನ್ನುವುದಕ್ಕೆ ನಾವು "ಗಮನಾರ್ಹತೆ" ಅನ್ನುವ ಪದ ಬಳಸುತ್ತೇವೆ. ಪದ ಸ್ವಲ್ಪ ಭಾರ, ಮನಸ್ಸಿಗೆ ಚುಚ್ಚುತ್ತದೆ ಕೂಡ. "ಹಾಗಾದ್ರೆ ನಮ್ಮ ಮಾವ ಗಮನಾರ್ಹ ಅಲ್ವಾ?" ಅಂತ ಹುಡುಗ ಕೇಳಿದರೆ ಏನು ಹೇಳೋದು? ನಿಜವಾಗಿ ನಾವು ಕೇಳುತ್ತಿರುವುದು ಅವರ ಯೋಗ್ಯತೆಯನ್ನೇ ಅಲ್ಲ. ಅವರಿಗೆ ಸಂಬಂಧ ಇಲ್ಲದವರು, ನಂಬಬಹುದಾದ ಕಡೆಯಲ್ಲಿ, ಅವರ ಬಗ್ಗೆಯೇ, ನಾಲ್ಕು ಸಾಲಿಗಿಂತ ಜಾಸ್ತಿ ಬರೆದದ್ದು ಏನಾದರೂ ಇದೆಯಾ? ಅಷ್ಟೇ ಪ್ರಶ್ನೆ. ನಾನು ಮಾಡುವ ಲೆಕ್ಕ ಇದು: ಅವರು ಹೇಳಿದ್ದು, ಅವರ ಕಡೆಯವರು ಹೇಳಿದ್ದು, ದುಡ್ಡು ಕೊಟ್ಟು ಹಾಕಿಸಿದ್ದು ಎಲ್ಲ ಪಕ್ಕಕ್ಕಿಡಿ. ಮೇಜಿನ ಮೇಲೆ ಏನು ಉಳಿಯಿತು?

ರಾಜಕಾರಣಿಗಳಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬೇರೆ ಒಂದು ನಿಯಮವೂ ಇದೆ. ನಾವೂ ಹೆಚ್ಚುಕಡಿಮೆ ಅದನ್ನೇ ಹಿಡಿದು ನಡೆಯುತ್ತೇವೆ. ಸಂಸತ್ತಿಗೋ ರಾಜ್ಯದ ಶಾಸನಸಭೆಗೋ ಆಯ್ಕೆಯಾದವರಿಗೆ ಪುಟ ಇರಬಹುದು, ತಕರಾರಿಲ್ಲ. ಪಂಚಾಯಿತಿ ಸದಸ್ಯ, ನಗರಸಭೆ ಸದಸ್ಯ ಅಂದಮಾತ್ರಕ್ಕೆ ಸಿಗುವುದಿಲ್ಲ. ನಿಂತು ಸೋತೆ ಅಂದಮಾತ್ರಕ್ಕಂತೂ ಸಿಗುವುದೇ ಇಲ್ಲ. ಆದರೆ ಅಂಥವರ ಬಗ್ಗೆ ಬೇರೆಯವರು ವಿವರವಾಗಿ ಬರೆದಿದ್ದರೆ ಬಾಗಿಲು ತೆರೆದೇ ಇರುತ್ತದೆ.

ಸಂಖ್ಯೆ ನೋಡಿ. 2023ರಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಕ್ಕೆ ಕಣದಲ್ಲಿದ್ದವರು 2,615. ಒಂದೇ ಚುನಾವಣೆಯಲ್ಲಿ ಸೋತವರೇ ಸುಮಾರು 2,400 ಜನ. ಇದರಲ್ಲಿ ನೋಟಾಕ್ಕಿಂತ ಕಡಿಮೆ ಮತ ತೆಗೆದುಕೊಂಡವರು ಎಷ್ಟೋ ಜನ. ತಮಾಷೆ ಏನಂದ್ರೆ ನೋಟಾಕ್ಕೆ ವಿಶ್ವಕೋಶದಲ್ಲಿ ಪುಟ ಇದೆ.

ಗೆರೆ ಎಳೆದ ಮೇಲೆ ಗೆರೆಯ ಹತ್ತಿರ ನಿಂತವರ ಕಥೆ ಬರಲೇಬೇಕು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. ಧ್ರುವನಾರಾಯಣ ಮುಂದೆ ಸಂಸದರಾದರು, ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. ಹಾಗಾಗಿ ಇಬ್ಬರ ಬಗ್ಗೆಯೂ ಈಗ ಪ್ರಶ್ನೆ ಇಲ್ಲ. ಆದರೆ ಅವತ್ತು ಆ ಜಾಗದಲ್ಲಿ ಮೊದಲ ಸಲ ನಿಂತ ಯಾರೋ ಇದ್ದರು ಅಂದುಕೊಳ್ಳಿ. ಒಂದು ಮತ ಈ ಕಡೆ ಬಿದ್ದರೆ ಪುಟ ಇದೆ, ಆ ಕಡೆ ಬಿದ್ದರೆ ಇಲ್ಲ. ಇದು ನ್ಯಾಯವಾ ಅಂತ ಕೇಳಿದರೆ, ನನಗೂ ಪೂರ್ತಿ ಸಮಾಧಾನ ಇಲ್ಲ. ಆದರೆ ಅಂಥ ಸೋಲಿನ ಬಗ್ಗೆ ಪತ್ರಿಕೆಗಳು ಬರೆಯದೆ ಬಿಡುವುದಿಲ್ಲ. ಗೆಲುವಿನ ಬಾಗಿಲು ಮುಚ್ಚಿದರೂ ಬರಹದ ಬಾಗಿಲಿಂದ ಒಳಗೆ ಬರಬಹುದು.

ಈಗ ಇನ್ನೊಂದು ತುದಿ ನೋಡೋಣ. ಇದು ನನಗೆ ಬಹಳ ಇಷ್ಟದ ಉದಾಹರಣೆ. 1996ರ ಲೋಕಸಭೆ ಚುನಾವಣೆ. ಬೆಳಗಾವಿ ಕ್ಷೇತ್ರ ಒಂದರಲ್ಲೇ 456 ಅಭ್ಯರ್ಥಿಗಳು. ಗಡಿ ವಿವಾದದ ಕಡೆ ದೆಹಲಿ ತಿರುಗಿ ನೋಡಲಿ ಅಂತ ಗುಂಪುಗುಂಪಾಗಿ ನಾಮಪತ್ರ ಹಾಕಿದ್ದರು. ಅದೇ ಚುನಾವಣೆಯಲ್ಲಿ ಆಗ ಆಂಧ್ರದಲ್ಲಿದ್ದ ನಲ್ಗೊಂಡದಲ್ಲಿ 480 ಜನ. ಅಲ್ಲಿಯದು ಫ್ಲೋರೈಡ್ ನೀರಿನ ಗೋಳು. ಕುಡಿಯುವ ನೀರಿನಿಂದಲೇ ಮೂಳೆ ಸೊಟ್ಟಗಾದ ಊರುಗಳವರು ಮತಪತ್ರವನ್ನೇ ಮನವಿಪತ್ರ ಮಾಡಿಕೊಂಡರು. ತಮಿಳುನಾಡಿನ ಮೊಡಕ್ಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ರೈತರು ಎಲ್ಲರನ್ನೂ ಮೀರಿಸಿದರು, 1,033 ಅಭ್ಯರ್ಥಿಗಳು. ಅಲ್ಲಿ ಮತಪತ್ರವನ್ನು ಪುಸ್ತಕದ ಥರ ಹೊಲಿಯಬೇಕಾಯಿತು. ಮತ ಹಾಕಲು ಹೋದವರು ಹಾಳೆ ತಿರುವುತ್ತಾ ತಮ್ಮ ಅಭ್ಯರ್ಥಿಯನ್ನು ಹುಡುಕುವುದನ್ನು ಸುಮ್ನೆ ಕಣ್ಣಮುಂದೆ ತಂದುಕೊಳ್ಳಿ.

ಆವಾಗ ಲೋಕಸಭೆಗೆ ಠೇವಣಿ ಬರೀ 500 ರೂಪಾಯಿ. ಅದೇ ವರ್ಷ ಕಾನೂನು ತಿದ್ದಿ 10,000 ಮಾಡಿದರು, ಈಗ 25,000. ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು ಅನ್ನುವುದೂ ಆವಾಗಲೇ ಬಂತು. ಅಂದರೆ ಆ ನೂರಾರು ಜನ ಸೇರಿ ದೇಶದ ಚುನಾವಣಾ ಕಾನೂನನ್ನೇ ಅಲುಗಾಡಿಸಿದರು. ಇದಕ್ಕಿಂತ ಗಮನಾರ್ಹ ಏನು ಬೇಕು?

ಆದರೂ ನಲ್ಗೊಂಡದ 480 ಜನರಿಗೆ 480 ಪುಟ ಬರೆಯಲು ಆಗುವುದಿಲ್ಲ. ಬರೆದರೆ ಏನು ಬರೆಯುತ್ತೀರಿ? ಹೆಸರು, ಊರು, ಸಿಕ್ಕ ಮತ. ಮೂರನೇ ಸಾಲಿಗೆ ಕೈ ನಿಲ್ಲುತ್ತದೆ. ಅದೇ ಆ ಹೋರಾಟದ ಬಗ್ಗೆ ಬರೆಯಲು ಕೂತರೆ ಪುಟ ಸಾಲುವುದಿಲ್ಲ. ನೀರು, ಕಾಯಿಲೆ, ಸರ್ಕಾರ, ಠೇವಣಿ, ಕಾನೂನು. ಮನುಷ್ಯನ ಹೆಸರಿನಲ್ಲಿ ಪುಟ ಬೇಕು ಅಂತ ಬಂದವರಿಗೆ ನಾನು ಯಾವಾಗಲೂ ಕೇಳುವುದು ಇದನ್ನೇ: ಇವರು ಮಾಡಿದ್ದಕ್ಕೆ ಪುಟ ಇರಬೇಕಾ, ಇವರಿಗಾ? ಚುನಾವಣೆಯ ಪುಟದಲ್ಲಿ ಎಲ್ಲರ ಹೆಸರೂ ಮತವೂ ಇರುವ ಪಟ್ಟಿ ಇರಲಿ. ಯಾರಾದರೂ ಹೆಸರು ಹುಡುಕಿದರೆ ಅಲ್ಲಿಗೆ ಹೋಗಿ ಮುಟ್ಟುವ ಹಾಗೆ ದಾರಿ ಮಾಡಿಕೊಟ್ಟರೆ ಸಾಕು. ಅದು ಅವಮಾನವಲ್ಲ.

ಸೋತೂ ಪುಟ ಗಿಟ್ಟಿಸಿದವರು ಇದ್ದಾರೆ. ನಮ್ಮ ಬೆಂಗಳೂರಿನ ಹೊಟ್ಟೆ ಪಕ್ಷದ ರಂಗಸ್ವಾಮಿಯವರು! ನನ್ನ ವಯಸ್ಸಿನವರಿಗೆ ಹೆಸರು ಕೇಳಿದರೇ ನಗು ಬರುತ್ತದೆ. 86 ಚುನಾವಣೆಗೆ ನಿಂತರು, 86ರಲ್ಲೂ ಸೋತರು, ಗಿನ್ನೆಸ್ ದಾಖಲೆಯವರು ಬರೆದುಕೊಂಡರು. 2007ರಲ್ಲಿ ತೀರಿಕೊಂಡರು. ಉತ್ತರದಲ್ಲಿ ಕಾಕಾ ಜೋಗಿಂದರ್ ಸಿಂಗ್ "ಧರ್ತಿ ಪಕಡ್" ಅಂತ ಒಬ್ಬರಿದ್ದರು, ಬರೇಲಿಯ ಬಟ್ಟೆ ವ್ಯಾಪಾರಿ. 1992ರ ರಾಷ್ಟ್ರಪತಿ ಚುನಾವಣೆಗೂ ನಿಂತು ನಾಲ್ಕನೇ ಸ್ಥಾನ ಪಡೆದರು. ತಮಿಳುನಾಡಿನ ಮೆಟ್ಟೂರಿನಲ್ಲಿ ಟಯರ್ ಅಂಗಡಿ ಇಟ್ಟುಕೊಂಡಿರುವ ಪದ್ಮರಾಜನ್ 2024ರ ಹೊತ್ತಿಗೆ 238 ಸಲ ಸೋತಿದ್ದರು. ಇವರ ಬಗ್ಗೆ ಬರೆದ ಪತ್ರಕರ್ತರು ಇವರ ಊರಿನವರಲ್ಲ, ನೆಂಟರಲ್ಲ, ಕಾರ್ಯಕರ್ತರಲ್ಲ. ಒಂದು ಚುನಾವಣೆ ಮುಗಿದ ಮೇಲೂ, ಹತ್ತು ವರ್ಷ ಕಳೆದ ಮೇಲೂ ಬರೆದರು. ಅಷ್ಟು ಸಾಕು.

ಇನ್ನು ಕೆಲವರ ಪುಟ ನೋಡಿದರೆ ಅವರು ಸೋತ ಅಭ್ಯರ್ಥಿ ಅನ್ನುವುದು ಎಲ್ಲೋ ಮೂಲೆಯಲ್ಲಿ ಇರುತ್ತದೆ. ಶಿವರಾಮ ಕಾರಂತರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತಿದ್ದರು. ಕೈಗಾ ಅಣುಸ್ಥಾವರದ ವಿರುದ್ಧ ದನಿ ಎತ್ತಲು. ಸೋತರು. ಆಗ ಅವರಿಗೆ ಎಂಬತ್ತೇಳು ವರ್ಷ. ಮಕ್ಕಳಿಗಾಗಿ ಒಬ್ಬರೇ ಕೂತು ವಿಶ್ವಕೋಶ ಬರೆದ ಮನುಷ್ಯ ಅದು. ಅವರಿಗೆ ಪುಟ ಬೇಕೋ ಬೇಡವೋ ಅಂತ ಚರ್ಚೆ ಮಾಡುವ ಧೈರ್ಯ ಯಾರಿಗಿದೆ ಹೇಳಿ.

ಒಂದು ಆಕ್ಷೇಪ ಸರಿಯಾಗಿಯೇ ಇದೆ, ಅದನ್ನು ನಾನು ನುಂಗಿಹಾಕುವುದಿಲ್ಲ. ಈಗಾಗಲೇ ಕುರ್ಚಿಯಲ್ಲಿರುವವರಿಗೆ ಪುಟ ಇರುತ್ತದೆ, ಎದುರಾಳಿಗೆ ಇರುವುದಿಲ್ಲ. ಮತದಾರ ಹುಡುಕಿದರೆ ಒಬ್ಬರೇ ಕಾಣುತ್ತಾರೆ. 2020ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಇದೇ ಆಯಿತು. ಸೆನೆಟರ್ ಜೋನಿ ಅರ್ನ್ಸ್ಟ್ ಅವರಿಗೆ ಪುಟ ಇತ್ತು. ಎದುರು ನಿಂತ ಡೆಮಾಕ್ರಟಿಕ್ ಪಕ್ಷದ ತೆರೆಸಾ ಗ್ರೀನ್‌ಫೀಲ್ಡ್ ಅವರಿಗೆ ಕೊಡಬೇಕೋ ಬೇಡವೋ ಅಂತ ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರು ತಿಂಗಳುಗಟ್ಟಲೆ ಜಗಳವಾಡಿದರು. ಆ ವರ್ಷದ ಬಹಳ ದುಬಾರಿ ಸ್ಪರ್ಧೆಗಳಲ್ಲಿ ಅದೂ ಒಂದು, ಪತ್ರಿಕೆಗಳಲ್ಲಿ ದಿನವೂ ಸುದ್ದಿ. "ಇದೆಲ್ಲ ಚುನಾವಣೆಯ ಸುದ್ದಿ, ಆಕೆಯ ಸುದ್ದಿ ಅಲ್ಲ" ಅಂತ ಒಂದು ಕಡೆ. "ಅಷ್ಟು ಬರೆದ ಮೇಲೂ ಅಲ್ಲ ಅಂದ್ರೆ ಹೇಗೆ?" ಅಂತ ಇನ್ನೊಂದು ಕಡೆ. ನವೆಂಬರಿನಲ್ಲಿ ಆಕೆ ಸೋತರು. ನನ್ನನ್ನು ಕೇಳಿದರೆ ಮೊದಲೇ ಪುಟ ಕೊಡಬೇಕಿತ್ತು ಅನ್ನುತ್ತೇನೆ. ದೊಡ್ಡ ಪಕ್ಷದ ಅಭ್ಯರ್ಥಿ, ಆಕೆಯ ಬದುಕಿನ ಬಗ್ಗೆಯೇ ಬೇರೆಯವರು ಉದ್ದಕ್ಕೆ ಬರೆದದ್ದು ಇತ್ತು. ನಿಯಮವನ್ನು ಕೈಯಲ್ಲಿ ಹಿಡಿದುಕೊಂಡೇ ಎಡವಬಹುದು ಅನ್ನುವುದಕ್ಕೆ ಅದು ಉದಾಹರಣೆ.

ಇನ್ನೊಂದು ಎಡವಟ್ಟು ಇದಕ್ಕಿಂತ ಪ್ರಸಿದ್ಧ, ರಾಜಕೀಯದ್ದಲ್ಲ. 2018ರಲ್ಲಿ ಕೆನಡಾದ ವಿಜ್ಞಾನಿ ಡಾನಾ ಸ್ಟ್ರಿಕ್‌ಲ್ಯಾಂಡ್ ಅವರ ಬಗ್ಗೆ ಬರೆದ ಕರಡನ್ನು ಸಾಕಷ್ಟು ಆಧಾರ ಇಲ್ಲ ಅಂತ ವಾಪಸ್ ಕಳಿಸಿದ್ದರು. ಅದೇ ಅಕ್ಟೋಬರಿನಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಪತ್ರಿಕೆಗಳು ಹೆಂಗಸರ ಬಗ್ಗೆ ಕಡಿಮೆ ಬರೆದರೆ ನಾವೂ ಕಡಿಮೆ ಬರೆಯುತ್ತೇವೆ. ನಮ್ಮ ಕಡೆ ಇದಕ್ಕೆ ಹಳ್ಳಿ, ಜಾತಿ ಅಂತ ಇನ್ನೂ ನಾಲ್ಕು ಸೇರಿಸಿಕೊಳ್ಳಿ. ಕನ್ನಡದಲ್ಲಂತೂ ಜಿಲ್ಲಾ ಪುಟದಲ್ಲಿ ಅಚ್ಚಾದದ್ದು ಎಷ್ಟೋ ಅಂತರ್ಜಾಲಕ್ಕೆ ಬಂದೇ ಇಲ್ಲ. ಹಾಗಾಗಿ ಗೂಗಲ್‌ನಲ್ಲಿ ಸಿಗಲಿಲ್ಲ ಅಂತ ಬರೆಯದೆ ಬಿಡಬೇಡಿ. ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಇದ್ದರೆ ಕಾಗದದ ಕಟಿಂಗೂ ಆಧಾರವೇ. ಅದಕ್ಕೇ ನಾನು ಯಾರು ಫೈಲು ತಂದರೂ ಬೇಡ ಅನ್ನುವುದಿಲ್ಲ.

"ಜಾಗಕ್ಕೇನು ಬರ, ಕಾಗದ ಅಲ್ವಲ್ಲ, ಒಂದು ಪುಟ ಇದ್ರೆ ಯಾರಿಗೇನು ನಷ್ಟ?" ಅಂತ ಕೇಳುವವರು ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಹದಿನಾಲ್ಕು ಸಂಪುಟ. ಅಲ್ಲಿ ಜಾಗದ ಲೆಕ್ಕ ಇತ್ತು. ನಮಗೆ ಜಾಗ ಇದೆ, ಕಾವಲು ಕಾಯುವವರು ಇಲ್ಲ. 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯದಲ್ಲಿ ದಿನವೂ ಕೂತು ತಿದ್ದುವವರು ಒಂದು ಮಿನಿ ಬಸ್ಸಿಗೆ ಸಾಕಾಗುವಷ್ಟು. ಚುನಾವಣೆ ಹೊತ್ತಿನಲ್ಲಿ ಒಬ್ಬ ಅಭ್ಯರ್ಥಿಯ ಪುಟಕ್ಕೆ ರಾತ್ರಿ ಹನ್ನೆರಡಕ್ಕೆ ಯಾರೋ ಬಂದು ಬೈಗುಳ ಸೇರಿಸಿ ಹೋದರೆ, ಬೆಳಗಾಗುವವರೆಗೆ ಅದು ಹಾಗೇ ಇರುತ್ತದೆ.

ನಷ್ಟ ಆಗುವುದು ಆ ಮನುಷ್ಯನಿಗೇ. 2003ರಿಂದ ಪ್ರತಿ ಅಭ್ಯರ್ಥಿ ತನ್ನ ಮೇಲಿರುವ ಮೊಕದ್ದಮೆ, ಆಸ್ತಿ, ಸಾಲ, ಓದು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಯಾರು ಬೇಕಾದರೂ ತೆಗೆದು ನೋಡಬಹುದು. ಮತದಾರರಿಗೆ ಅದು ದೊಡ್ಡ ಉಪಕಾರ. ಆದರೆ ಬದುಕನ್ನು ಅದರಿಂದ ಕಟ್ಟಲು ಹೋಗಬೇಡಿ. ನಾನು ಈ ಮಾವನವರ ಪ್ರಮಾಣಪತ್ರ ತೆಗೆದು ನೋಡಿದೆ. ಒಂದು ಕೇಸು ಇತ್ತು. ರಸ್ತೆ ತಡೆ. ಅಳಿಯ ಅದನ್ನು ನನಗೆ ಹೇಳಿರಲಿಲ್ಲ, ಪಾಪ. ಪುಟ ಮಾಡಿದೆ ಅಂದುಕೊಳ್ಳಿ. ಎದುರಾಳಿ ಕಡೆಯ ಹುಡುಗ ಬಂದು "ಇವರ ಮೇಲೆ ಕ್ರಿಮಿನಲ್ ಮೊಕದ್ದಮೆ ಇದೆ" ಅಂತ ಒಂದು ಸಾಲು ಸೇರಿಸುತ್ತಾನೆ. ಆಧಾರ ಕೇಳಿದರೆ ಅವರ ಸಹಿ ಇರುವ ಕಾಗದವನ್ನೇ ತೋರಿಸುತ್ತಾನೆ. ನಾಳೆ ಕೇಸು ಬಿದ್ದುಹೋದರೆ ಆ ಸುದ್ದಿ ಯಾವ ಪತ್ರಿಕೆಯಲ್ಲಿ ಬರುತ್ತದೆ? ದೊಡ್ಡವರ ಪುಟದಲ್ಲಿ ಇಂಥ ಸಾಲು ಇಪ್ಪತ್ತು ಪ್ಯಾರಾ ನಡುವೆ ಒಂದು. ಇವರ ಪುಟದಲ್ಲಿ ಒಟ್ಟು ಐದೇ ಸಾಲು, ಅದರಲ್ಲಿ ಇದೊಂದು. ಗೂಗಲ್‌ನಲ್ಲಿ ಬಲಗಡೆ ಬರಬೇಕು ಅಂದವರಿಗೆ ಬಲಗಡೆ ಇದು ಬಂದರೆ?

ಪತ್ರಿಕೆಯಲ್ಲಿ ಬಂದದ್ದೆಲ್ಲ ಸುದ್ದಿಯೂ ಅಲ್ಲ. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು 2011ರಲ್ಲಿ ಚುನಾವಣಾ ಆಯೋಗ ಅನರ್ಹ ಮಾಡಿತು. ದುಡ್ಡು ಕೊಟ್ಟು ಹಾಕಿಸಿದ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸಲಿಲ್ಲ ಅಂತ. ಆಯೋಗವೇ ಜಿಲ್ಲೆ ಜಿಲ್ಲೆಗೆ ಸಮಿತಿ ಇಟ್ಟು ಇಂಥ ಸುದ್ದಿ ಹಿಡಿಯುವಾಗ, ಚುನಾವಣೆಯ ಮೂರು ವಾರದಲ್ಲಿ ಬಂದದ್ದನ್ನು ನಾವು ಕಣ್ಣುಮುಚ್ಚಿ ನಂಬುವುದು ಹೇಗೆ? ನಾನಂತೂ ಆ ದಿನಗಳ ಕಟಿಂಗನ್ನು ಬೇರೆ ಇಡುತ್ತೇನೆ. ಅದಕ್ಕೆ ಮೊದಲು ಬಂದದ್ದು, ಫಲಿತಾಂಶದ ನಂತರ ಬಂದದ್ದು, ಇವೆರಡನ್ನೇ ಮೊದಲು ಓದುವುದು.

ಈಗ ಹನ್ನೊಂದನೇ ಕಟಿಂಗ್.

ಚುನಾವಣೆಗಿಂತ ಆರು ವರ್ಷ ಹಿಂದಿನದು. ಹಳದಿಯಾಗಿದೆ, ಮಡಿಕೆಯಲ್ಲಿ ಹರಿದು ಸೆಲ್ಲೋಟೇಪ್ ಹಾಕಿದ್ದಾರೆ. ಎರಡು ಕಾಲಂ. ಬರದ ವರ್ಷ ಊರಿನವರು ಸರ್ಕಾರಕ್ಕೆ ಕಾಯದೆ ತಾವೇ ಕೆರೆಯ ಹೂಳೆತ್ತಿದ್ದು. ವರದಿಗಾರ ಅಲ್ಲಿಗೆ ಹೋಗಿ ನೋಡಿದ್ದಾನೆ. ಎಷ್ಟು ಲೋಡ್ ಮಣ್ಣು ಹೊರಗೆ ಹೋಯಿತು, ಯಾರ ಹೊಲಕ್ಕೆ ಹೋಯಿತು, ಮಧ್ಯಾಹ್ನ ಏನು ಊಟ ಅಂತೆಲ್ಲ ಬರೆದಿದ್ದಾನೆ. ಮಾವನವರ ಹೆಸರು ಎರಡು ಕಡೆ ಬರುತ್ತದೆ. ಅವರ ಫೋಟೋ ಇಲ್ಲ. ಕೆರೆಯ ಫೋಟೋ ಇದೆ.

ಹತ್ತು ಕಟಿಂಗು ಪಕ್ಕಕ್ಕಿಟ್ಟ ಮೇಲೆ ಮೇಜಿನ ಮೇಲೆ ಉಳಿದದ್ದು ಇದೊಂದೇ. ಒಂದರಿಂದ ಒಬ್ಬ ಮನುಷ್ಯನ ಪುಟ ಆಗುವುದಿಲ್ಲ. ಹುಡುಗನಿಗೆ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಹೋದ. ಆ ಏಜೆನ್ಸಿ ಕಡೆ ಹೋಗಬೇಡ, ಅವರು ಮಾಡಿದ್ದನ್ನು ವಾರದಲ್ಲಿ ಅಳಿಸುತ್ತಾರೆ ಅಂತಲೂ ಹೇಳಿದೆ. ಹೋಗಲಿಲ್ಲ ಅಂದುಕೊಂಡಿದ್ದೇನೆ.

ಫಲಿತಾಂಶ ಬಂತು. ಠೇವಣಿ ಹೋಯಿತು, ಅದು ಉಳಿಯಬೇಕಾದರೆ ಆರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಮತ ಬೇಕಲ್ಲ. ನೋಟಾಕ್ಕಿಂತ ಸ್ವಲ್ಪ ಜಾಸ್ತಿ ಬಂದಿತ್ತು.

ಹದಿನೈದು ದಿನ ಬಿಟ್ಟು ಫೈಲು ತಗೊಂಡು ಹೋಗಲು ಮಾವನೇ ಬಂದರು. ಬಿಳಿ ಅಂಗಿ ಅಲ್ಲ, ಮಾಮೂಲಿ ಚೆಕ್ಸ್ ಅಂಗಿ. ಕಾಫಿ ಕೊಟ್ಟೆ. ಅವರ ಊರಿಗೆ ವಿಕಿಪೀಡಿಯದಲ್ಲಿ ಮೊದಲೇ ಒಂದು ಪುಟ ಇತ್ತು, ಮೂರೇ ಸಾಲು. ಯಾವ ತಾಲ್ಲೂಕು, ಎಷ್ಟು ಜನ, ಪಿನ್‌ಕೋಡ್. ಅದಕ್ಕೆ ಕೆರೆಯ ಬಗ್ಗೆ ಒಂದು ಪ್ಯಾರಾ ಸೇರಿಸಿದ್ದೆ, ಹನ್ನೊಂದನೇ ಕಟಿಂಗ್ ಆಧಾರ ಕೊಟ್ಟು. ಅವರ ಹೆಸರೂ ಒಂದು ಸಲ ಬರುತ್ತದೆ. ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನ ಓದಿದರು.

"ಟ್ರ್ಯಾಕ್ಟರ್ ಕೊಟ್ಟ ನಾಲ್ಕು ಜನರ ಹೆಸರು ಬಿಟ್ಟಿದ್ದೀರಲ್ಲ ಮೇಷ್ಟ್ರೇ?"

"ಪೇಪರಿನಲ್ಲಿ ಅವರ ಹೆಸರಿಲ್ಲ."

"ಮತ್ತೆ ಕೆರೆ ಹೆಸರು ತಪ್ಪು. ದೊಡ್ಡಕೆರೆ ಅಂತ ಪೇಪರಿನವರು ಬರ್ಕೊಂಡಿದ್ದಾರೆ. ನಮ್ಮಜ್ಜನ ಕಾಲದಿಂದ ಅದು ದೊಡ್ಡಯ್ಯನ ಕೆರೆ."

ಅಜ್ಜನ ಮಾತು ಆಧಾರ ಆಗುವುದಿಲ್ಲ, ಅಚ್ಚಾದದ್ದೋ ದಾಖಲೆಯೋ ಏನಾದರೂ ಬೇಕು ಅಂದೆ. ಕೋಪ ಬರಬಹುದು ಅಂದುಕೊಂಡೆ. ಬರಲಿಲ್ಲ. ಗ್ರಾಮ ನಕಾಶೆಯಲ್ಲಿ ಇರಬೇಕಲ್ಲ ಅಂದರು. ಇರಬಹುದು ಅಂದೆ. ಮಾರನೇ ದಿನದಿಂದಲೇ ತಾಲ್ಲೂಕು ಕಚೇರಿಗೆ ಅಲೆಯಲು ಶುರುಮಾಡಿದರಂತೆ.

ಮೊನ್ನೆ ಫೋನ್ ಮಾಡಿದ್ದರು. ನಕಾಶೆ ಸಿಕ್ಕಿದೆ. ಅದರಲ್ಲಿ ದೊಡ್ಡಕೆರೆಯೂ ಇಲ್ಲ, ದೊಡ್ಡಯ್ಯನ ಕೆರೆಯೂ ಇಲ್ಲ, ಮೂರನೇ ಹೆಸರೊಂದು ಇದೆಯಂತೆ. ಭಾನುವಾರ ತಗೊಂಡು ಬರುತ್ತೇನೆ ಅಂದಿದ್ದಾರೆ.